ಫೋನಿನ ಕೂಸು

ಅತ್ತೆಯ ಕಪಾಟಿನ ಕೆಳಗಿನ ಖಾನೆಯಲ್ಲಿ, ಮಡಿಸಿಟ್ಟ ಶಾಲಿನ ಒಳಗೆ, ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ನಾನು ಹುಡುಕುತ್ತಿದ್ದದ್ದು ಅವಳ ಬೆಳ್ಳಿಯ ಕುಂಕುಮದ ಭರಣಿಯನ್ನು. ನಾಡಿದ್ದಿನ ಅವಳ ವರ್ಷಾಂತಿಕಕ್ಕೆ ಬೇಕೆಂದು ಅಮ್ಮ ಹೇಳಿದ್ದಳು. ಚೀಲದ ಬಾಯಿ ಬಿಗಿಯಾಗಿ ಅಂಟಿಕೊಂಡಿತ್ತು. ಬಿಡಿಸಿದೆ. ಒಳಗೆ ಗೇಣುದ್ದದ ಹಸಿರು ಕೊಳವೆ, ಮಕ್ಕಳ ಪೀಪಿಯಂಥದ್ದು. ಮೂಗಿನ ಹತ್ತಿರ ಹಿಡಿದಾಗ, ತೀರಾ ಕಳಿತ ಬಾಳೆಹಣ್ಣಿನ ವಾಸನೆ... ಅಲ್ಲ, ಅದಕ್ಕಿಂತ ತೆಳುವಾದ ಒಂದು ಸಿಹಿ ವಾಸನೆ. ಇಷ್ಟು ವರ್ಷ ಉಳಿದಿರಲು ಸಾಧ್ಯವೇ? ಇತ್ತೆಂದು ನನಗೆ ಅನ್ನಿಸಿದ್ದೂ ಇರಬಹುದು.

ಆ ವಾಸನೆಯ ಜೊತೆ ಮೊದಲು ಬಂದದ್ದು ಅತ್ತೆಯ ಮುಖವಲ್ಲ, ಒಂದು ದನಿ. ಆ ದನಿಯ ಹೆಂಗಸನ್ನು ನಾನು ನೋಡಿದವಳಲ್ಲ. ಅವಳ ಹೆಸರೂ ಗೊತ್ತಿಲ್ಲ. ಆಸ್ಪತ್ರೆಯವರು ಅವಳನ್ನು ದುಭಾಷಿ ಎಂದರು. ಅತ್ತೆ ಕೊನೆಯವರೆಗೂ ‘ಫೋನಿನ ಕೂಸು’ ಎಂದಳು. ನಮ್ಮ ಮನೆಮಾತಿನಲ್ಲಿ ಹುಡುಗಿಗೆ ಕೂಸು ಅನ್ನುತ್ತಾರೆ. ನಲವತ್ತು ದಾಟಿದವರೂ ಅತ್ತೆಗೆ ಕೂಸುಗಳೇ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನಮ್ಮ ಜೊತೆಯಲ್ಲೇ ಇದ್ದವಳು. ನಾನು ಮೆಲ್ಬರ್ನಿನಲ್ಲಿ ಮಣ್ಣಿನ ಬಗ್ಗೆ ಓದಿ ಮುಗಿಸಿದಾಗ ಘಟಿಕೋತ್ಸವಕ್ಕೆ ಮನೆಯಿಂದ ಯಾರಾದರೂ ಬರಲಿ ಎಂದು ಆಸೆಪಟ್ಟೆ. ಮನೆಯಲ್ಲಿ ಪಾಸ್‌ಪೋರ್ಟ್ ಇದ್ದದ್ದು ಅತ್ತೆಯೊಬ್ಬಳಿಗೇ. ನೇಪಾಳದ ಮುಕ್ತಿನಾಥ ಯಾತ್ರೆಗೆಂದು ಮಾಡಿಸಿಕೊಂಡದ್ದು. ಆ ಯಾತ್ರೆ ರದ್ದಾಗಿ, ಪಾಸ್‌ಪೋರ್ಟ್ ದೇವರ ಫೋಟೋದ ಹಿಂದೆ ಉಳಿದಿತ್ತು. “ಮುಕ್ತಿ ಅಲ್ಲದಿದ್ರೆ ಮೆಲ್ಬರ್ನ್” ಎಂದು ನಗುತ್ತಾ, ಒಂದು ಚೀಲದ ತುಂಬ ಕಬ್ಬಿನಹಾಲಿನ ಸಿಹಿ ತೊಡೆದೇವು, ಇನ್ನೊಂದರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಿಡಿದು ಬಂದಳು. ಉಪ್ಪಿನಕಾಯಿಯನ್ನು ವಿಮಾನ ನಿಲ್ದಾಣದವರು ಮೂಸಿ ನೋಡಿ ಬಿಟ್ಟುಕೊಟ್ಟರು.

ಘಟಿಕೋತ್ಸವ ಮುಗಿದ ಮರುದಿನ ಬೆಳಿಗ್ಗೆ ಇಬ್ಬರೂ ನಡೆಯಲು ಹೋಗಿದ್ದೆವು. ಒಂದು ಮನೆಯ ಇಟ್ಟಿಗೆಯ ಗೋಡೆಯ ಆಚೆಯಿಂದ ಕೆಂಪು ದಾಸವಾಳ ಬಾಗಿತ್ತು. ಅತ್ತೆ ನಿಂತಳು. ಇಲ್ಲಿ ಕೇಳದೆ ಕೊಯ್ಯಬಾರದು ಎಂದೆ.

“ದೇವರಿಗೆ ಹೇಳಿ ಕೊಯ್ದ್ರೆ ಯಾರು ಎಂತ ಹೇಳ್ತ?” ಎಂದವಳು ಗೋಡೆಯ ಬುಡದ ಕಲ್ಲಿನ ಅಂಚಿನ ಮೇಲೆ ಹತ್ತಿದಳು. ಹುಲ್ಲಿಗೆ ನೀರು ಬಿಟ್ಟಿದ್ದರಿಂದ ಕಲ್ಲು ಒದ್ದೆಯಾಗಿತ್ತು. ಸೆರಗಿನಲ್ಲಿ ಹೂವು ತುಂಬಿಕೊಂಡು ಇಳಿಯುವಾಗ ಜಾರಿದಳು. ಕೂಗಲಿಲ್ಲ. ಪಾದಚಾರಿ ದಾರಿಯ ಮೇಲೆ ಕುಳಿತಂತೆ ಬಿದ್ದು, “ಹೂವು ಚೆಲ್ತು” ಎಂದಳು. ಅವಳ ಬಲಗಾಲು ಹೊರಕ್ಕೆ ತಿರುಗಿ, ಬೇರೆ ಯಾರದ್ದೋ ಕಾಲಿನ ಹಾಗೆ ಬಿದ್ದಿತ್ತು.

ಆಂಬುಲೆನ್ಸಿನ ಹೆಂಗಸು ಅಂಥದ್ದೇ ಒಂದು ಹಸಿರು ಪೀಪಿಯನ್ನು ತೋರಿಸಿದಳು. ಊದುವುದಲ್ಲ, ಒಳಕ್ಕೆ ಉಸಿರು ಎಳೆದುಕೊಳ್ಳಬೇಕು, ನೋವು ಇಳಿಯುತ್ತದೆ ಎಂದಳು. ನಾನು ಅತ್ತೆಗೆ ಹೇಳಿದೆ.

“ಬ್ಯಾಡ, ಅಡ್ಡಿಲ್ಲೆ.”

ಹೆಂಗಸು ತಲೆಯಾಡಿಸಿ, ಪೀಪಿಯನ್ನು ಡಬ್ಬಿಯೊಳಗೆ ವಾಪಸು ಇಟ್ಟಳು. ಡಬ್ಬಿಯ ಮುಚ್ಚಳ ಮುಚ್ಚುವವರೆಗೂ ಅತ್ತೆ ಅದನ್ನೇ ನೋಡುತ್ತಿದ್ದಳು. ಆ ನೋಟ ನನಗೆ ನೆನಪಿದೆ. ಆದರೆ ಆಗ ಅದರ ಅರ್ಥ ಹೊಳೆಯಲಿಲ್ಲ.

ಆಸ್ಪತ್ರೆಯಲ್ಲೂ ಹಾಗೆಯೇ ಆಯಿತು. ನರ್ಸ್ ಬಂದು ನೋವಿಗೆ ಏನಾದರೂ ಕೊಡಲೇ ಎಂದು ಕೇಳಿದಳು. ಅತ್ತೆ ಕೈ ಅಡ್ಡ ಹಿಡಿದು ಬೇಡವೆಂದಳು. ನರ್ಸ್ ಕಂಪ್ಯೂಟರಿನಲ್ಲಿ ಅದನ್ನು ಬರೆದುಕೊಂಡಳು. ಅತ್ತೆಯ ದವಡೆ ಬಿಗಿದಿತ್ತು. ಮೇಲ್ತುಟಿಯ ಮೇಲೆ ಬೆವರು ನಿಂತಿತ್ತು. ಮಂಚದ ಚಕ್ರ ನೆಲದ ಸಂದಿಗೆ ತಾಗಿ ಅಲುಗಿದಾಗ ಕಣ್ಣು ಮುಚ್ಚಿಕೊಂಡು, ಮತ್ತೆ ತೆರೆದು ನನ್ನನ್ನು ನೋಡಿ ನಗಲು ಪ್ರಯತ್ನಿಸಿದಳು.

ಡಾಕ್ಟರು ಎತ್ತರದ, ಚಿಕ್ಕ ವಯಸ್ಸಿನ ಮನುಷ್ಯ. ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು. ಸೊಂಟದ ಕೀಲು ಮುರಿದಿರುವ ಹಾಗೆ ಕಾಣುತ್ತದೆ. ಎಕ್ಸ್‌ರೇಗೆ ಅವಳನ್ನು ಹೊರಳಿಸಬೇಕು. ನೋವು ತಗ್ಗಿಸದೆ ಹೊರಳಿಸುವುದು ಕ್ರೌರ್ಯ. ಆದಷ್ಟು ಬೇಗ ಆಪರೇಷನ್ ಆಗಬೇಕು. ಹೀಗೇ ಮಲಗಿದರೆ ಕಫ ಕಟ್ಟುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ಈ ವಯಸ್ಸಿನವರು ಮತ್ತೆ ಏಳದೆಯೂ ಹೋಗಬಹುದು.

ಅತ್ತೆಗೆ ಇದನ್ನು ಹೇಳಿದರೆ ಅವಳ ಉತ್ತರ ಸಿದ್ಧವಿತ್ತು. “ಊರಿಗೆ ಹೋಗಿ ನಾಟಿ ವೈದ್ಯರ ಹತ್ರ ಪಟ್ಟು ಕಟ್ಟಿಸಿಕ್ಯತ್ತೆ. ಹೆಂಗೂ ವಾಪಸ್ ಟಿಕೆಟ್ ಇದ್ದು.”

ನೀವೇ ಕೊಟ್ಟುಬಿಡಿ ಎಂದು ನಾನು ಡಾಕ್ಟರನ್ನು ಕೇಳಿಕೊಂಡೆ. ಅವರು ಮೆತ್ತಗೆ, ಆದರೆ ಖಚಿತವಾಗಿ ಇಲ್ಲ ಎಂದರು. ಅವಳಿಗೆ ಪ್ರಜ್ಞೆ ಇದೆ, ಬುದ್ಧಿ ಸ್ಪಷ್ಟವಾಗಿದೆ, ಬೇಡವೆಂದರೆ ಬೇಡ. ಮೇಲಾಗಿ ಇಂಥ ಮಾತುಕತೆಯಲ್ಲಿ ಮನೆಯವರ ಬಾಯಿಂದ ಬಂದದ್ದನ್ನು ಅವರು ಆಧಾರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಮನೆಯವರು ತಮಗೆ ಬೇಕಾದ್ದನ್ನು ಸೇರಿಸುತ್ತಾರೆ, ಬೇಡವಾದ್ದನ್ನು ಬಿಡುತ್ತಾರೆ. ಅದು ಸರಿಯಾದ ನಿಯಮ ಎಂದೇ ಇಂದಿಗೂ ನನಗನ್ನಿಸುತ್ತದೆ. ನನಗೆ ಬಿಟ್ಟಿದ್ದರೆ ನಾನೂ ಸೇರಿಸುತ್ತಿದ್ದೆ.

ಚಕ್ರದ ಮೇಜಿನ ಮೇಲೆ ಒಂದು ಫೋನು ಬಂತು. ಅದನ್ನು ಅತ್ತೆಯ ತಲೆದಿಂಬಿನ ಹತ್ತಿರ ಇಟ್ಟು, ದನಿ ಎಲ್ಲರಿಗೂ ಕೇಳುವಂತೆ ಮಾಡಿದರು. ಸ್ವಲ್ಪ ಹೊತ್ತು ಏನೋ ಸಂಗೀತ. ನನಗೆ ಸುಮ್ಮನಿರಬೇಕೆಂದು ಹೇಳಿದ್ದರಿಂದ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಕುಳಿತೆ.

“ನಮಸ್ಕಾರ. ನಾನು ಕನ್ನಡ ದುಭಾಷಿ. ವೈದ್ಯರು ಹೇಳಿದ್ದನ್ನೆಲ್ಲ ನಿಮಗೆ ಹೇಳುತ್ತೇನೆ. ನೀವು ಹೇಳಿದ್ದನ್ನೆಲ್ಲ ಅವರಿಗೆ ಹೇಳುತ್ತೇನೆ. ಏನನ್ನೂ ಸೇರಿಸುವುದಿಲ್ಲ, ಏನನ್ನೂ ಬಿಡುವುದಿಲ್ಲ.”

ರೇಡಿಯೋ ವಾರ್ತೆಯ ಹಾಗೆ ಒಪ್ಪವಾದ ಕನ್ನಡ. ಯಾವ ಊರಿನದ್ದೂ ಅಲ್ಲದ ಕನ್ನಡ.

ಅತ್ತೆ ನೋವು ಮರೆತು ಕತ್ತು ಹೊರಳಿಸಿದಳು. “ಅಯ್ಯೋ, ಕನ್ನಡ! ಯಾವೂರಾತು ಕೂಸೇ ನಿಂದು?”

ಆ ದನಿ ಮಾತು ಕೊಟ್ಟ ಪ್ರಕಾರ ಅದನ್ನೇ ಇಂಗ್ಲಿಷಿನಲ್ಲಿ ಹೇಳಿತು. ನಿನ್ನದು ಯಾವ ಊರು ಮಗೂ, ಎಂದು. ಡಾಕ್ಟರು ಇದು ತನಗೇ ಕೇಳಿದ ಪ್ರಶ್ನೆ ಎಂದುಕೊಂಡು, ಸ್ವಲ್ಪ ಸಂಕೋಚದಿಂದ, ಟಾಸ್ಮೇನಿಯ ಎಂದರು.

“ಟಾಸ್ಮೇನಿಯ” ಎಂದಿತು ಫೋನು, ಕನ್ನಡದಲ್ಲಿ.

“ಅಲ್ಲಿಯವೂ ಕನ್ನಡ ಮಾತಾಡ್ತ್ವ?” ಅತ್ತೆ ನನ್ನ ಕಡೆ ತಿರುಗಿ ಕೇಳಿದಳು. ನಗು ಬಂದು, ನಗುವಿನಿಂದ ಸೊಂಟ ಅಲುಗಿ, ಮುಖ ಬಿಳಿಚಿತು. “ಅತ್ತೆ, ಸುಮ್ಮನಿರು” ಎಂದೆ. ನನ್ನ ಮಾತನ್ನೂ ಆ ದನಿ ಡಾಕ್ಟರಿಗೆ ತಲುಪಿಸಿತು. ಆಮೇಲೆ, ರೋಗಿ ಕೇಳಿದ್ದು ದುಭಾಷಿಯ ಊರನ್ನು, ಅದನ್ನು ಹೇಳುವ ಹಾಗಿಲ್ಲ ಎಂದು ಎರಡೂ ಭಾಷೆಯಲ್ಲಿ ಸ್ಪಷ್ಟಪಡಿಸಿತು.

ಡಾಕ್ಟರು ಔಷಧಿಯ ಬಗ್ಗೆ ಕೇಳಿದರು. ದನಿ ಕೇಳಿತು. ಅತ್ತೆ ಫೋನಿನ ಮುಂದೆ ಅಂಗೈ ಅಡ್ಡ ಹಿಡಿದಳು. “ಬ್ಯಾಡ, ಅಡ್ಡಿಲ್ಲೆ.”

ಬೇಡ, ಪರವಾಗಿಲ್ಲ ಎನ್ನುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿ ದನಿ ನಿಂತಿತು. ಡಾಕ್ಟರು ಉಸಿರು ಬಿಟ್ಟು ನರ್ಸಿನ ಕಡೆ ನೋಡಿದರು. ಅಷ್ಟೇ, ಮುಗಿಯಿತು ಎಂದುಕೊಂಡೆ. ಅತ್ತೆಯ ಕೈ ಹಿಡಿಯಲು ಏಳಬೇಕೆನ್ನುವಷ್ಟರಲ್ಲಿ ಫೋನು ಮತ್ತೆ ಮಾತಾಡಿತು.

“ಡಾಕ್ಟರೇ, ಇದು ದುಭಾಷಿಯ ಮಾತು, ರೋಗಿಯದಲ್ಲ. ಒಂದು ವಿಷಯ ತಿಳಿಸಲು ನಿಮ್ಮ ಒಪ್ಪಿಗೆ ಬೇಕು.”

ಅವರು ಹೇಳಿ ಎಂದರು.

“ಇವರು ಮಾತಾಡುವ ರೀತಿಯಿಂದ ಇವರು ಯಾವ ಕಡೆಯವರೆಂದು ನನಗೆ ತಿಳಿಯುತ್ತದೆ. ಆ ಕಡೆ ಯಾರಾದರೂ ಏನನ್ನಾದರೂ ಕೊಟ್ಟರೆ ಮೊದಲ ಸಲಕ್ಕೇ ತೆಗೆದುಕೊಳ್ಳುವುದು ಮರ್ಯಾದೆಯಲ್ಲ. ಬೇಡ ಅನ್ನುತ್ತಾರೆ. ಕೊಡುವವರು ಮತ್ತೆ ಮತ್ತೆ ಕೇಳಬೇಕು. ಇವರ ಬೇಡ ಆ ಬಗೆಯದೋ, ನಿಜವಾದ ಬೇಡವೋ, ನನಗೆ ಗೊತ್ತಿಲ್ಲ. ಇವರ ಪರವಾಗಿ ನಾನು ಹೇಳುವಂತೆಯೂ ಇಲ್ಲ. ನೀವು ಇನ್ನೊಮ್ಮೆ ಕೇಳಿದರೆ ಗೊತ್ತಾಗಬಹುದು.”

ನಂತರ, ರೋಗಿಯಿಂದ ಏನನ್ನೂ ಮುಚ್ಚಿಡಬಾರದೆಂಬ ಕಾರಣಕ್ಕೆ, ಅಷ್ಟನ್ನೂ ಕನ್ನಡದಲ್ಲಿ ಅತ್ತೆಗೆ ಹೇಳಿತು.

ಅತ್ತೆಯ ಕಿವಿ ಕೆಂಪಾಯಿತು. ಬೇರೆ ಕಡೆ ನೋಡುವಂತೆ ಚಾವಣಿಯ ಮೇಲೆ ಕಣ್ಣು ನೆಟ್ಟಳು. ಎಪ್ಪತ್ತರ ಹೆಂಗಸು, ಅಡಿಗೆಮನೆಯಲ್ಲಿ ಸಕ್ಕರೆ ಮುಕ್ಕುವಾಗ ಸಿಕ್ಕಿಬಿದ್ದ ಹುಡುಗಿಯ ಹಾಗೆ ಕಂಡಳು. ನನಗೆ ಆಗ ಎಲ್ಲವೂ ಒಮ್ಮೆಗೇ ತಿಳಿಯಿತು. ನಮ್ಮ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ಊಟದ ಭಾಗ. ಬಡಿಸುವವರು ಬಗ್ಗಿ, ಒಂಚೂರು, ಇಷ್ಟೇ ಇಷ್ಟು, ಎಂದು ಒತ್ತಾಯ ಮಾಡಬೇಕು. ಎಲೆಯ ಮುಂದೆ ನಿಲ್ಲದೆ ಮುಂದೆ ಹೋದವರ ಬಗ್ಗೆ ವರ್ಷಗಟ್ಟಲೆ ಮಾತಾಡಿಕೊಳ್ಳುತ್ತಾರೆ. ನಾನು ಬೆಳಗಿನಿಂದ ಅವಳಿಗೆ ತಗೋ ತಗೋ ಎಂದು ಹೇಳುತ್ತಲೇ ಇದ್ದೆ. ಆದರೆ ಒತ್ತಾಯ ಮಾಡಬೇಕಾದವರು ಬಡಿಸುವವರು. ಪಕ್ಕದ ಎಲೆಯಲ್ಲಿ ಕೂತವರು ಹೇಳಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಆಂಬುಲೆನ್ಸಿನವಳು ಸೌಟು ಹಿಡಿದು ಬಂದು, ಒಮ್ಮೆ ಕೇಳಿ, ಹಾಗೇ ಮುಂದೆ ಹೋಗಿಬಿಟ್ಟಿದ್ದಳು.

ಡಾಕ್ಟರು ಫೋನಿಗೆ ಬಾಗಿ, “ಎಷ್ಟು ಸಲ ಕೇಳಬೇಕು?” ಎಂದರು. ಗಂಭೀರವಾಗಿಯೇ ಕೇಳಿದರು.

“ಸಾಮಾನ್ಯವಾಗಿ ಮೂರು.”

ಅವರು ಒಂದು ಸ್ಟೂಲು ಎಳೆದುಕೊಂಡು, ಅತ್ತೆಯ ಮುಖದ ಮಟ್ಟಕ್ಕೆ ಬರುವಂತೆ ಕುಳಿತರು. ನಿಮಗೆ ನೋವಾಗುತ್ತಿದೆ ಎಂದು ನನಗೆ ಕಾಣುತ್ತಿದೆ, ದಯವಿಟ್ಟು ಸ್ವಲ್ಪ ತೆಗೆದುಕೊಳ್ಳಿ, ಎಂದರು. ಅವರು ಹೇಳಿದ್ದು ಇಷ್ಟೇ. ಆ ದನಿ ಹೇಳಿದ್ದೂ ಇಷ್ಟೇ, ಒಂದು ಶಬ್ದ ಹೆಚ್ಚಿಲ್ಲ. ಆದರೆ ಆ ವಾರ್ತೆಯ ದನಿ ಎಲ್ಲೋ ಹೋಗಿತ್ತು. “ನಿಮಗೆ ನೋವಾಗ್ತಾ ಇರೋದು ನಂಗೆ ಕಾಣ್ತಾ ಇದೆ. ದಯವಿಟ್ಟು, ಒಂಚೂರು ತಗೊಳ್ಳಿ.” ಆ ‘ಒಂಚೂರು’ ಎಷ್ಟು ಉದ್ದವಾಗಿ, ಎಷ್ಟು ಕೆಳಗಿಳಿದು ಬಂತೆಂದರೆ, ಪಾಯಸದ ಪಾತ್ರೆ ಸೊಂಟಕ್ಕಿಟ್ಟುಕೊಂಡು ಎಲೆಯ ಮುಂದೆ ಬಗ್ಗಿದ ಹೆಂಗಸೊಬ್ಬಳು ಆ ಫೋನಿನೊಳಗೆ ನಿಂತಿದ್ದಳು. ತಾನು ಕೊಟ್ಟ ಮಾತನ್ನು ಕೂದಲೆಳೆಯಷ್ಟೂ ಮೀರದೆ ಒಬ್ಬರು ಇಷ್ಟು ಹತ್ತಿರ ಬರಬಹುದೆಂದು ನಾನು ಎಣಿಸಿರಲಿಲ್ಲ.

“ಎಂತಕ್ಕೆ ಸುಮ್ಮನೆ...” ಎಂದಳು ಅತ್ತೆ. ಕೈ ಮಾತ್ರ ಅಡ್ಡ ಇರಲಿಲ್ಲ.

ಡಾಕ್ಟರು ಮತ್ತೆ ಕೇಳಿದರು. ಅವರ ದನಿಯೂ ಈಗ ಬದಲಾಗಿತ್ತು. ಭಾಷೆ ಗೊತ್ತಿಲ್ಲದಿದ್ದರೂ ಫೋನಿನ ರಾಗ ಅವರಿಗೆ ಕೇಳಿರಬೇಕು. ಬಗ್ಗಿ, ತಲೆ ಓರೆ ಮಾಡಿ, ದಯವಿಟ್ಟು ಎಂದರು. ನರ್ಸ್ ಟೈಪ್ ಮಾಡುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

ಅತ್ತೆ ಹೆಬ್ಬೆರಳು ತೋರುಬೆರಳನ್ನು ಹತ್ತಿರ ತಂದು ಅಳತೆ ತೋರಿಸಿದಳು. “ಒಂಚೂರು ಸಾಕು.”

ನೋವು ಎಷ್ಟಿದೆ ಎಂದು ಡಾಕ್ಟರು ಕೇಳಿದರು, ಸೊನ್ನೆಯಿಂದ ಹತ್ತರೊಳಗೆ. “ಇದೆಂತ ಪರೀಕ್ಷೆಯನೇ?” ಎಂದು ಅತ್ತೆ ನನ್ನ ಕಡೆ ನೋಡಿದಳು. ದನಿ ಅದನ್ನೂ ಹೇಳಿತು. ಹಾಗಾದರೆ ಹೇಗಿದೆ ಅಂತ ಹೇಳಿ ಸಾಕು ಎಂದರು ಡಾಕ್ಟರು. ಮೂರು ಸಲ ಕೇಳಿಸಿಕೊಂಡಾಗಿತ್ತು. ಇನ್ನು ಹೇಳಬಹುದಿತ್ತು.

“ಹಸಿ ಕಟ್ಟಿಗೆ ಸೀಳಿದಾಂಗೆ ಆಗ್ತು ಕೂಸೇ. ಉಸಿರು ತಗಂಡ್ರೂ ಸೀಳ್ತು, ಬಿಟ್ರೂ ಸೀಳ್ತು.”

ಅದನ್ನು ದನಿ ಇಂಗ್ಲಿಷಿಗೆ ತಂದಿತು, ಒಂದೊಂದೇ ಶಬ್ದವಾಗಿ. ಡಾಕ್ಟರು ನರ್ಸಿಗೆ ಹತ್ತು ಎಂದು ಬರೆಯಲು ಹೇಳಿದರು.

ಪೀಪಿ ಬಂತು. ಅತ್ತೆಗೆ ಇನ್ನೊಂದು ಅನುಮಾನ. “ಇದನ್ನ ಬೇರೆಯವು ಬಾಯಿಗೆ ಹಾಕಿದ್ವ?” ಎಂಜಲಿನ ಪ್ರಶ್ನೆ ಇಂಗ್ಲಿಷಿಗೆ ಹೋಗಿ ಉತ್ತರ ತಂದಿತು. ಹೊಸದು, ನಿಮಗೊಬ್ಬರಿಗೇ, ಆಮೇಲೂ ಯಾರಿಗೂ ಕೊಡುವುದಿಲ್ಲ. ಅತ್ತೆ ಅದನ್ನು ತುಟಿಗಿಟ್ಟು ಉಸಿರು ಎಳೆದಳು. ಆ ಸಿಹಿ ವಾಸನೆ ಪರದೆಗಳ ನಡುವೆ ಹರಡಿತು. ಮತ್ತೆ ಎಳೆದಳು. ಹಣೆಯ ಗೆರೆಗಳು ಒಂದರ ಹಿಂದೊಂದು ಬಿಚ್ಚಿಕೊಂಡವು, ದವಡೆ ಸಡಿಲವಾಯಿತು, ಸೆರಗಿನ ಅಂಚನ್ನು ಹಿಂಡುತ್ತಿದ್ದ ಬೆರಳುಗಳು ತೆರೆದುಕೊಂಡವು. ಸೆರಗಿನಲ್ಲಿದ್ದ ಎರಡು ಬಾಡಿದ ದಾಸವಾಳ ಹಾಸಿಗೆಯ ಮೇಲೆ ಬಿದ್ದವು. ಒಂದು ಮುಖದಿಂದ ನೋವು ಹೊರಟುಹೋಗುವುದನ್ನು ನಾನು ಅಷ್ಟು ಹತ್ತಿರದಿಂದ ಅದಕ್ಕೆ ಮೊದಲು ನೋಡಿರಲಿಲ್ಲ. ಎಷ್ಟಿತ್ತು ಎನ್ನುವುದು ಅದು ಹೋದಾಗಲೇ ತಿಳಿಯಿತು. ಅತ್ತೆಯ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ಅಳುತ್ತಿರಲಿಲ್ಲ, ಹಾಗೇ ಹರಿಯಿತು...

ಆಮೇಲೆ ತೊಡೆಯ ಸಂದಿಯಲ್ಲಿ, ನರವನ್ನು ಮರಗಟ್ಟಿಸುವ ಸೂಜಿ ಕೊಟ್ಟರು. ಎಕ್ಸ್‌ರೇ ಆಯಿತು. ಮೂಳೆ ಮುರಿದದ್ದು ನಿಜವಾಗಿತ್ತು. ಆಪರೇಷನ್ನಿನ ಮಾತು ಮತ್ತೆ ಫೋನಿನಲ್ಲೇ ನಡೆಯಿತು. ಅದೇ ದನಿ ಇರಲಿ ಎಂದು ಡಾಕ್ಟರು ಕೇಳಿಕೊಂಡು ಲೈನಿನಲ್ಲೇ ಕಾಯಿಸಿದ್ದರು. ಪಟ್ಟು ಕಟ್ಟಿದರೆ ಸಾಲದೇ ಎಂದು ಅತ್ತೆ ವಾದಿಸಿದಳು. ಕೈ ಮುರಿದವರು, ಕಾಲು ಮುರಿದವರು, ದನದ ಕಾಲು ಮುರಿದದ್ದು ಕೂಡ ನಮ್ಮಲ್ಲಿ ಹೇಗೆ ಗುಣವಾಯಿತು ಎಂದು ವಿವರವಾಗಿ ಹೇಳಿದಳು. ಆ ದನಿ ದನದ ಕಾಲನ್ನೂ ಬಿಡದೆ ಹೇಳಿತು. ಡಾಕ್ಟರು ಪ್ರತಿಯೊಂದಕ್ಕೂ ಉತ್ತರಿಸಿದರು. ಸೊಂಟದ ಆ ಜಾಗಕ್ಕೆ ಹೊರಗಿನಿಂದ ಕಟ್ಟು ಹಿಡಿಯುವುದಿಲ್ಲ ಎಂದು ತಮ್ಮ ಮುಷ್ಟಿಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ತೋರಿಸಿದರು. ಕೊನೆಗೆ ಅತ್ತೆ ಒಪ್ಪಿ ಕನ್ನಡದಲ್ಲಿ ಸಹಿ ಹಾಕಿದಳು. ಅವಳನ್ನು ಒಪ್ಪಿಸಿದ್ದು ಆ ಮುಷ್ಟಿಯೋ, ಇಷ್ಟು ಹೊತ್ತು ತನ್ನ ಒಂದು ಮಾತನ್ನೂ ಕೆಳಗೆ ಬೀಳಿಸದ ಆ ದನಿಯೋ, ಹೇಳಲಾರೆ.

ಡಾಕ್ಟರು ಫೋನಿಗೆ ಧನ್ಯವಾದ ಹೇಳಿದರು. ಇಡುವ ಹೊತ್ತು.

“ಕೂಸೇ,” ಅತ್ತೆ ಕರೆದಳು. “ಊಟ ಆತನೇ?”

ದನಿ ವಾರ್ತೆಗೆ ಮರಳಿತು. ರೋಗಿ ದುಭಾಷಿಯ ಊಟವಾಯಿತೇ ಎಂದು ಕೇಳುತ್ತಿದ್ದಾರೆ, ಎಂದು ಡಾಕ್ಟರಿಗೆ ವರದಿ ಮಾಡಿತು.

“ಹಾಗಾದರೆ ಉತ್ತರ ಹೇಳಿ” ಎಂದು ಡಾಕ್ಟರು ನಕ್ಕರು.

ಆ ಕಡೆ, ಯಾವುದೋ ಕೋಣೆಯಲ್ಲಿ ಕುರ್ಚಿ ಅಲುಗಿದ ಶಬ್ದ.

“ಇಲ್ಲೆ ಅತ್ತೆ. ಇನ್ನೂ ಆಯ್ದಿಲ್ಲೆ.”

ಸಿದ್ದಾಪುರವೋ, ಯಲ್ಲಾಪುರದ ಕಡೆಯೋ, ಸಿರಸಿಯ ಸುತ್ತಿನದ್ದೋ... ನಮ್ಮ ಮನೆಯ ಮಾತು. ಮತ್ತೇನನ್ನಾದರೂ ಕೇಳುವಷ್ಟರಲ್ಲಿ ಲೈನು ಕಡಿದುಹೋಗಿತ್ತು. ಅತ್ತೆ ಆ ಫೋನನ್ನು ನೋಡುತ್ತಲೇ ಇದ್ದಳು.

ಆಪರೇಷನ್ ಚೆನ್ನಾಗಿ ಆಯಿತು. ಆಮೇಲಿನ ದಿನಗಳಲ್ಲಿ ಬೇರೆ ಬೇರೆ ದುಭಾಷಿಗಳು ಬಂದರು. ಒಬ್ಬ ಗಂಡಸು, ಒಬ್ಬಳು ತೀರಾ ಅವಸರದವಳು. ಅತ್ತೆ ಪ್ರತಿ ಸಲ “ಇದು ಆ ಕೂಸಲ್ಲ” ಎಂದು ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದಳು. ದುಭಾಷಿಗಳ ಕಚೇರಿಗೆ ನಾನು ಫೋನು ಮಾಡಿ ಕೃತಜ್ಞತೆ ತಿಳಿಸಬೇಕೆಂದೆ. ತಲುಪಿಸುತ್ತೇವೆ, ಆದರೆ ಯಾರೆಂದು ಹೇಳುವ ಹಾಗಿಲ್ಲ ಎಂದರು. ಅದೂ ಸರಿಯಾದ ನಿಯಮವೇ. ತಲುಪಿತೋ ಇಲ್ಲವೋ ತಿಳಿಯದು.

ಊರಿಗೆ, ಇಸಳೂರಿನ ನಮ್ಮ ಮನೆಗೆ, ಅತ್ತೆ ಕೋಲು ಹಿಡಿದು ಬಂದಳು. ಕೆಲವು ತಿಂಗಳಲ್ಲಿ ಕೋಲು ಬಾಗಿಲ ಮೂಲೆ ಸೇರಿತು. ನೋಡಲು ಬಂದವರಿಗೆಲ್ಲ ಪೀಪಿ ತೋರಿಸಿ, ಫೋನಿನ ಕೂಸಿನ ಕಥೆ ಹೇಳುತ್ತಿದ್ದಳು. ಬಂದವರ ಊರು ಕೇಳಿ, “ನಿಮ್ಮ ಬದಿ ಯಾವುದಾದ್ರೂ ಕೂಸು ಆಸ್ಟ್ರೇಲಿಯಾದಲ್ಲಿದ್ದ? ದನಿ ಕೇಳಿದ್ರೆ ಗುರ್ತು ಹಿಡೀತೆ” ಎನ್ನುತ್ತಿದ್ದಳು. ಇಡಗುಂದಿಯವರೊಬ್ಬರು ತಮ್ಮ ಷಡ್ಡಕನ ಮಗಳನ್ನು ನೆನಪಿಸಿಕೊಂಡು ಫೋನು ಹಚ್ಚಿಯೇ ಕೊಟ್ಟರು. ಅತ್ತೆ ಒಂದು ಮಾತು ಕೇಳಿ, ಬಾಯಿ ಮೇಲೆ ಕೈಯಿಟ್ಟು, ಅಲ್ಲ ಎಂದು ತಲೆಯಾಡಿಸಿದಳು. ಆದರೂ ಅವಳ ಜೊತೆ ಬಹಳ ಹೊತ್ತು ಮಾತಾಡಿದಳು.

ಬಡಿಸುವಾಗ ಯಾರಾದರೂ ಸಾಕು ಸಾಕು ಎಂದರೆ ಸೌಟು ಹಿಂದಕ್ಕೆಳೆದು ಹೆದರಿಸುತ್ತಿದ್ದಳು. “ನೋಡು, ಆಸ್ಟ್ರೇಲಿಯಾದಾಂಗೆ ಒಂದೇ ಸಲ ಕೇಳ್ತೆ!” ಕೂತವರು ನಕ್ಕು ಎಲೆ ಮುಂದೆ ತಳ್ಳುತ್ತಿದ್ದರು. ನಗು ಮುಗಿದ ಮೇಲೆ ಒಮ್ಮೊಮ್ಮೆ ಅವಳು ಬಾಗಿಲ ಕಡೆ ನೋಡಿ, ತನಗೇ ಹೇಳಿಕೊಳ್ಳುವಂತೆ, “ಆ ಕೂಸು ಉಂಡ್ತೋ ಇಲ್ಯೋ” ಎನ್ನುತ್ತಿದ್ದಳು. ತನಗಾಗಿ ಅಷ್ಟು ಹೊತ್ತು ಒಬ್ಬಳು ಊಟ ಬಿಟ್ಟು ಕೂತಿದ್ದಳು ಎನ್ನುವುದು ಅವಳಿಗೆ ಕೊನೆಗೂ ಸಮಾಧಾನವಾಗದ ವಿಷಯವಾಗಿತ್ತು.

ಹೋದ ವರ್ಷ ಅವಳಿಗೆ ಬಂದದ್ದು ಬೇರೆ ಕಾಯಿಲೆ. ಆಪರೇಷನ್ನಿನಿಂದ ಹೋಗುವಂಥದ್ದಲ್ಲ. ಸಿರಸಿಯ ಆಸ್ಪತ್ರೆಯಲ್ಲಿ ನಾನು ಪಕ್ಕದಲ್ಲಿದ್ದೆ. ಡಾಕ್ಟರು ರೌಂಡಿಗೆ ಬಂದು, ಚೀಟಿ ನೋಡುತ್ತಾ, “ಅಮ್ಮಾ, ನೋವಿಗೆ ಇಂಜೆಕ್ಷನ್ ಕೊಡ್ಲಾ?” ಎಂದು ಕೇಳಿದರು. ಅವರ ಹಿಂದೆ ಬಹಳ ಜನ ಕಾಯುತ್ತಿದ್ದರು. ಮತ್ತೊಮ್ಮೆ ಕೇಳಿ, ಇನ್ನೂ ಒಮ್ಮೆ ಕೇಳಿ, ಎಂದು ಅವರಿಗೆ ಹೇಳಲು ನಾನು ಬಾಯಿ ತೆರೆದೆ.

“ಕೊಡಿ” ಎಂದಳು ಅತ್ತೆ. “ತುಂಬಾ ಇದ್ದು.”

ಮೊದಲ ಸಲಕ್ಕೇ. ನನ್ನ ಕಡೆ ತಿರುಗಿ, ಹೇಗೆ ಎನ್ನುವಂತೆ ಹುಬ್ಬು ಏರಿಸಿದಳು. ಆ ತಿಂಗಳ ಕೊನೆಗೆ ಅವಳು ಹೋದಳು. ನೋವಿನಲ್ಲಿ ಅಲ್ಲ. ಅಷ್ಟನ್ನು ನಾನು ಖಚಿತವಾಗಿ ಹೇಳಬಲ್ಲೆ.

ಕುಂಕುಮದ ಭರಣಿ ಮೇಲಿನ ಖಾನೆಯಲ್ಲೇ ಇತ್ತು. ಪೀಪಿಯನ್ನು ಚೀಲಕ್ಕೆ ಹಾಕಿ, ಬಾಯಿ ಮುಚ್ಚಿ, ಶಾಲಿನೊಳಗೆ ಮೊದಲಿದ್ದ ಹಾಗೇ ಇಟ್ಟೆ. ನಾಡಿದ್ದು ಪಂಕ್ತಿಗೆ ಪಾಯಸ ಬಡಿಸುವುದು ನನ್ನ ಪಾಲಿಗೆ ಬಂದಿದೆ. ಅದು ಅತ್ತೆಯ ಕೆಲಸವಾಗಿತ್ತು. ನನಗೆ ಒತ್ತಾಯ ಮಾಡಿ ರೂಢಿಯಿಲ್ಲ. ಒಬ್ಬರು ಬೇಡವೆಂದರೆ ಅಲ್ಲಿಗೆ ಬಿಡುವವಳು ನಾನು. ಆದರೂ ಪ್ರತಿ ಎಲೆಯ ಮುಂದೆ ಬಗ್ಗಿ ನಿಲ್ಲುತ್ತೇನೆ, ಮತ್ತೆ ಕೇಳುತ್ತೇನೆ. ಆ ರಾಗ ನನಗೆ ಬರುತ್ತದೋ ಇಲ್ಲವೋ.

ಅಲ್ಲೆಲ್ಲೋ ಒಂದು ಕೋಣೆಯಲ್ಲಿ ಆ ಫೋನಿನ ಕೂಸು ಈಗಲೂ ಯಾರದ್ದೋ ನೋವನ್ನು ಒಂದು ಮಾತೂ ಬಿಡದೆ ದಾಟಿಸುತ್ತಿರಬಹುದು. ಅತ್ತೆ ಹೋದ ಸುದ್ದಿಯನ್ನು ಅವಳಿಗೆ ತಿಳಿಸುವ ದಾರಿ ನನಗಿಲ್ಲ. ಊಟ ಆಯಿತೇ ಎಂದು ಕೇಳುವ ದಾರಿಯೂ...